ಮೇಬಲ್ ಓಡಿಸಿದ ಪೋಸ್ಟ್‌ಮ್ಯಾನ್

ಏಳು ವರ್ಷದಲ್ಲಿ ಮೇಬಲ್ ಒಂದು ದಿನವೂ ಸೋತಿರಲಿಲ್ಲ.

ದಿನಾ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನೀಲಿ ಅಂಗಿಯ ಒಬ್ಬ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಲೋಕಸ್ಟ್ ಬೀದಿಯ ನಾನೂರ ಹದಿನೆಂಟನೇ ನಂಬರಿನ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಬಾಗಿಲ ಕಂಡಿಯಲ್ಲಿ ಏನನ್ನೋ ತೂರಿಸುತ್ತಿದ್ದ. ಒಳಗಿನಿಂದ ಮೇಬಲ್ ಮಾಡು ಹಾರಿಹೋಗುವ ಹಾಗೆ ಬೊಗಳುತ್ತಿತ್ತು. ಆ ಮನುಷ್ಯ ತಿರುಗಿ ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದ. ಪಕ್ಕದ ನಾನೂರ ಇಪ್ಪತ್ತಕ್ಕೂ ಕಾಗದ ಇದೆ, ಅದಕ್ಕೇ ಹೋಗುತ್ತಾನೆ ಎಂದು ಮೇಬಲ್‌ಗೆ ಯಾರು ಹೇಳಬೇಕು? ತಾನು ಓಡಿಸಿದೆ, ಅವನು ಓಡಿದ. ಅದರ ಮಟ್ಟಿಗೆ ಮಾತು ಅಷ್ಟೇ.

ಆ ಮನುಷ್ಯನ ಹೆಸರು ಡೆಲ್ಬರ್ಟ್ ಯೋಸ್ಟ್. ಓಹಾಯೋ ನದಿಯ ದಂಡೆಯ ಮಾರ್ಲೋ ಊರಿಗೆ ಮೂವತ್ತೊಂದು ವರ್ಷ ಪೋಸ್ಟ್‌ಮ್ಯಾನ್. ನಾಲ್ಕು ಸಲ ನಾಯಿ ಕಚ್ಚಿತ್ತು. ಆ ಕಲೆಗಳನ್ನು ಅವನು ವಿಳಾಸದ ಸಮೇತ ತೋರಿಸುತ್ತಿದ್ದ. ಮೊಣಕಾಲ ಕೆಳಗಿನದು ಎಲ್ಮ್ ಬೀದಿ ಒಂಬತ್ತು, ಮುಂಗೈಯದು ಚರ್ಚ್ ಬೀದಿ ನೂರ ಎರಡು, ಹೀಗೆ. ನಾಲ್ಕನೆಯದನ್ನು ಮಾತ್ರ ಹೇಳುತ್ತಿದ್ದ, ತೋರಿಸುತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ನಿವೃತ್ತಿಯಾಯಿತು. ಅದೇ ವಾರ ಬೀದಿಯ ಮೂಲೆಯಲ್ಲಿ ಎಲ್ಲ ಮನೆಗೂ ಸೇರಿಸಿ ಒಂದು ಪೆಟ್ಟಿಗೆಗಳ ಗೂಡು ಎದ್ದು ನಿಂತಿತು. ಜನರೇ ಹೋಗಿ ಬೀಗ ತೆಗೆದು ತಮ್ಮ ಕಾಗದ ತಂದುಕೊಳ್ಳಬೇಕು, ಇನ್ನು ಬಾಗಿಲಿಗೆ ಯಾರೂ ಬರುವುದಿಲ್ಲ. ನಿವೃತ್ತಿಯಾದ ನಾಲ್ಕನೇ ದಿನ ಡೆಲ್ಬರ್ಟ್ ಬರಿಗೈಯಲ್ಲಿ ನಾನೂರ ಹದಿನೆಂಟರ ಮೆಟ್ಟಿಲ ಮೇಲೆ ನಿಂತಿದ್ದ. ಮನೆಯ ಒಡತಿ ಲವೋನ್ ಪ್ರುಯಿಟ್ ಬಾಗಿಲು ತೆರೆದಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೈದು ವರ್ಷ ಮಕ್ಕಳಿಗೆ ಬಡಿಸಿ ಬಿಟ್ಟವಳು, ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು.

"ಕಾಗದ ಇದ್ಯಾ?" ಎಂದಳು.

"ಇಲ್ಲ."

"ಮತ್ಯಾಕೆ ಬಂದೆ?"

"ಕಾಲು ಬಂತು. ನಾನೂ ಜೊತೆಗೆ ಬಂದೆ."

ಲವೋನ್ ನಕ್ಕಳು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಮಾರನೇ ದಿನವೂ ಕಾಲು ಬಂತು. ಬೇಸಿಗೆ ಮುಗಿಯುವ ಹೊತ್ತಿಗೆ ಕಾಫಿಯ ಜೊತೆ ಪೀಚ್ ಹಣ್ಣಿನ ಪೈ ಬರುತ್ತಿತ್ತು. ಆಗಸ್ಟ್ ಕೊನೆಯಲ್ಲಿ ಒಂದು ದಿನ ಡೆಲ್ಬರ್ಟ್ ಪೈ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಮದುವೆಯ ಮಾತು ಎತ್ತಿದ.

"ನಾನು ಒಪ್ಪಿದೆ ಅಂತಾನೇ ಇಟ್ಕೋ," ಎಂದಳು ಲವೋನ್. "ಆದ್ರೆ ಈ ಮನೇಲಿ ಮೂರು ಜನ ಇರ್ಬೇಕಲ್ಲ."

ಮೂರನೆಯವಳು ಅದೇ ಹೊತ್ತಿನಲ್ಲಿ ಕಿಟಕಿಯ ಗಾಜಿಗೆ ಮೂಗೊತ್ತಿ ಬೊಗಳುತ್ತಿದ್ದಳು. ಡೆಲ್ಬರ್ಟ್ ಮನೆಯೊಳಗೆ ಕಾಲಿಟ್ಟಾಗಲೆಲ್ಲ ಹೀಗೇ. ಕುರ್ಚಿಯಲ್ಲಿ ಕೂತರೆ ಮೊಣಕಾಲ ಮುಂದೆ ನಿಂತು ಬೊಗಳುವುದು. ಎದ್ದರೆ ಒಂದು ಕ್ಷಣ ಸುಮ್ಮನಾಗುವುದು, ಮತ್ತೆ ಕೂತರೆ ಮತ್ತೆ ಶುರು. ಮೇಬಲ್ ಬೀಗಲ್ ಜಾತಿ, ಕುಳ್ಳಗೆ, ಜೋಲು ಕಿವಿ. ದೇಹ ಸಣ್ಣದು, ಗಂಟಲು ಮಾತ್ರ ಆನೆಯದು.

"ಹ್ಯಾಮ್ ಕೊಟ್ಟೆ, ಚೀಸ್ ಕೊಟ್ಟೆ," ಎಂದ ಡೆಲ್ಬರ್ಟ್. "ತಿಂದು, ಬಾಯಿ ಚಪ್ಪರಿಸಿ, ಮತ್ತೆ ಬೊಗಳುತ್ತೆ. ಇನ್ನೇನ್ ಮಾಡ್ಲಿ?"

"ಅವಳನ್ನ ದಿನಾ ಹಿಂದಿನ ರೂಮಲ್ಲಿ ಕೂಡಿಹಾಕಿ ನಿನ್ನ ಪಕ್ಕ ಕೂತು ಟೀವಿ ನೋಡೋಕೆ ನನ್ನ ಕೈಲಾಗಲ್ಲ. ಇಲ್ಲಿ ನೀನು ಪೋಸ್ಟ್‌ಮ್ಯಾನು, ಅವಳು ಕಾವಲು. ಅದೇ ಜಾಗ, ಅದೇ ಚಾಳಿ. ಇಬ್ಬರೂ ಕಾಣದ ಯಾವುದಾದ್ರೂ ಜಾಗಕ್ಕೆ ಒಂದು ದಿನ ಹೋಗಿ ಬನ್ನಿ. ಬೇರೆ ನೆಲದಲ್ಲಿ ಬೇರೆ ಬುದ್ಧಿ ಬರಬಹುದು."

"ನೀನೂ ಬಾ."

"ನಾನು ಬಂದ್ರೆ ಅವಳು ನನ್ನ ಕಾವಲು ಕಾಯ್ತಾಳೆ. ನೀವಿಬ್ರೇ ಹೋಗ್ಬೇಕು."

"ಹೋಗಿ ಬಂದ್ಮೇಲೂ ಹೀಗೇ ಆದ್ರೆ?"

ಲವೋನ್ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. "ಚಳಿ ಬರೋವರೆಗೂ ಜಗಲೀಲಿ ಕೂತು ಪೈ ತಿನ್ನೋಣ. ಆಮೇಲಿಂದು ನಂಗೊತ್ತಿಲ್ಲ ಡೆಲ್. ಹಿಮ ಬಿದ್ಮೇಲೆ ಜಗಲೀಲಿ ಯಾರೂ ಕೂರಲ್ಲ."

ಹಾಗಾಗಿ ಸೆಪ್ಟೆಂಬರ್ ನಡುವಿನ ಒಂದು ಮಂಗಳವಾರ ಡೆಲ್ಬರ್ಟ್ ಯೋಸ್ಟ್ ಹಿಂದಿನ ಸೀಟಿನಲ್ಲಿ ಮೇಬಲ್‌ಳನ್ನು ಕೂರಿಸಿಕೊಂಡು ಪೆನ್ನಿ ಹಾಲೋ ಸ್ಟೇಟ್ ಪಾರ್ಕಿಗೆ ಹೊರಟ. ಊರಿಂದ ಒಂದೂವರೆ ಗಂಟೆ ದಾರಿ. ಮೂರು ಗುಡ್ಡ, ಒಂದು ಕೆರೆ, ಉಳಿದದ್ದೆಲ್ಲ ಕಾಡು. ಅವನೂ ನೋಡಿರಲಿಲ್ಲ, ನಾಯಿಯೂ ನೋಡಿರಲಿಲ್ಲ. ಎರಡು ಗಂಟೆಗೆಲ್ಲ ವಾಪಸ್ ಬರುತ್ತೇನೆ ಎಂದು ಲವೋನ್‌ಗೆ ಹೇಳಿದ್ದ.

ಮೊದಲ ಹನ್ನೊಂದು ಮೈಲಿ ಮೇಬಲ್ ಅವನ ಕತ್ತಿನ ಹಿಂಭಾಗಕ್ಕೆ ಬೊಗಳಿತು. ಸೇತುವೆ ದಾಟುವಾಗ ಗಂಟಲು ಕಟ್ಟಿ ಮಲಗಿತು. ಆಮೇಲೆ ಹತ್ತು ಮೈಲಿಗೊಮ್ಮೆ ತಲೆಯೆತ್ತಿ, ಒಂದೇ ಒಂದು ಸಲ ಬೊಗಳಿ, ಹಾಜರಿ ಹಾಕಿ ಮತ್ತೆ ಮಲಗುತ್ತಿತ್ತು.

ಶಾಲೆಗಳು ಶುರುವಾಗಿದ್ದರಿಂದ ಪಾರ್ಕು ಭಣಭಣ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಫಲಕ: ನಾಯಿಗಳಿಗೆ ಆರಡಿ ಹಗ್ಗ ಕಡ್ಡಾಯ, ಈಜುವ ದಂಡೆಗೆ ನಾಯಿ ಬಿಡುವಂತಿಲ್ಲ, ನಾಯಿ ಮಾಡಿದ್ದನ್ನು ಕರೆತಂದವರೇ ಎತ್ತಬೇಕು. ಡೆಲ್ಬರ್ಟ್ ಓದುತ್ತಿದ್ದಾಗ ಹಳದಿ ಕೋಟಿನ ಒಬ್ಬ ಮುದುಕಿ ಬ್ಯಾಟರಿ ಗಾಡಿಯಲ್ಲಿ ಬಂದು ಪಕ್ಕದಲ್ಲೇ ನಿಲ್ಲಿಸಿದಳು. ಓಪಲ್ ಎಂದು ಅವಳ ಹೆಸರು. ಬೇಸಿಗೆ ಪೂರ್ತಿ ಪಾರ್ಕಿನಲ್ಲೇ ಬಿಡಾರ ಹೂಡಿ, ಟೆಂಟು ಹಾಕುವವರಿಗೆ ಜಾಗ ತೋರಿಸುತ್ತ, ಗದರಿಸುತ್ತ, ಸಂಬಳವಿಲ್ಲದೆ ಅಧಿಕಾರ ನಡೆಸುವವಳು.

"ನಾಯಿ ನಿಮ್ದಾ?" ಎಂದಳು.

"ಅಲ್ಲ."

"ಅದಕ್ಕೇ. ಒಲೆ ಮೇಲಿಂದ ಇಳಿಸಿದ ಪಾತ್ರೆ ಥರ ಹಿಡ್ಕೊಂಡಿದೀರಿ. ಕೈ ಅಷ್ಟುದ್ದ ಯಾಕೆ ಚಾಚಿದೀರಪ್ಪಾ?"

"ಆರಡಿ ಹಗ್ಗದ ನಾಯಿ ಏಳೂವರೆ ಅಡಿ ದೂರ ಕಚ್ಚುತ್ತಮ್ಮ. ಕುತ್ತಿಗೆ ಉದ್ದಾನೂ ಸೇರಿಸ್ಕೋಬೇಕು. ಮೂವತ್ತೊಂದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದೋನು ನಾನು."

ಓಪಲ್ ಅವನನ್ನೊಮ್ಮೆ ನೋಡಿದಳು, ನಾಯಿಯನ್ನೊಮ್ಮೆ ನೋಡಿದಳು. "ಅಯ್ಯೋ ಪಾಪ. ನಿಮ್ಮನ್ನ ಈ ನಾಯಿಗೆ ಒಪ್ಪಿಸಿ ಕಳ್ಸಿದಾರೆ ಅನ್ನಿ. ಅಲ್ನೋಡಿ, ನೀಲಿ ತಲೆಯ ಕಂಬಗಳು ಕಾಣುತ್ವಲ್ಲ, ಅವುಗಳ ಹಿಂದೇನೇ ಹೋಗಿ. ಒಂದೇ ಮೈಲಿ. ಸುತ್ತಿ ಇಲ್ಲಿಗೇ ತಂದು ಬಿಡುತ್ತೆ."

ಡೆಲ್ಬರ್ಟ್ ಕಂಬಗಳನ್ನು ನೋಡಿದ. ಅವುಗಳ ನೀಲಿ ತಲೆ ಅವನ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು ನಂಬರು. ಒಂದು, ಎರಡು, ಮೂರು. ಗೊತ್ತಿಲ್ಲದ ಕಾಡಿನಲ್ಲಿ ಹಳೇ ನೆಂಟರು ಸಿಕ್ಕ ಹಾಗಾಯಿತು.

ಒಂದೊಂದು ಕಂಬಕ್ಕೂ ಮುಚ್ಚಳವಿರುವ ಒಂದು ಪುಟ್ಟ ಮರದ ಡಬ್ಬಿ ಹೊಡೆದಿದ್ದರು. ಒಳಗೆ ಒಂದು ಚೀಟಿ: ಇದು ಬಿಳಿ ಓಕ್ ಮರ, ಇದರ ವಯಸ್ಸು ಇಷ್ಟು. ಡೆಲ್ಬರ್ಟ್ ಒಂದನೇ ಕಂಬದ ಮುಂದೆ ನಿಂತ, ಮುಚ್ಚಳ ಎತ್ತಿದ, ಚೀಟಿ ತೆಗೆದು ಓದಿದ, ಒಳಗಿಟ್ಟು ಮುಚ್ಚಿದ, ಮುಚ್ಚಳದ ಮೇಲೆ ಎರಡು ಸಲ ತಟ್ಟಿದ, ಒಂದು ಹೆಜ್ಜೆ ಹಿಂದಿಟ್ಟು ತಿರುಗಿದ.

ಮೇಬಲ್ ಸ್ಫೋಟಿಸಿತು. ಅಳಿಲುಗಳು ದಿಕ್ಕಾಪಾಲಾದವು. ಒಂದು ಹದ್ದು ಮರ ಬಿಟ್ಟು ಮರಕ್ಕೆ ಹೋಯಿತು. ಡೆಲ್ಬರ್ಟ್ ಹಗ್ಗ ಹಿಡಿದ ಕೈಯನ್ನು ಇನ್ನೂ ಒಂದು ಅಡಿ ದೂರ ಚಾಚಿ ಮುಂದೆ ನಡೆದ. ಎರಡನೇ ಕಂಬದವರೆಗೆ ನಾಯಿ ತೆಪ್ಪಗೆ, ನೆಲ ಮೂಸುತ್ತ ಬಂತು. ಎರಡನೇ ಕಂಬದಲ್ಲಿ ಅವನು ಮುಚ್ಚಳ ಎತ್ತಿದ, ಮತ್ತೆ ಅದೇ ಕಥೆ.

ಹನ್ನೆರಡನೇ ಕಂಬದ ಬಳಿ ಎದುರಿನಿಂದ ವಯಸ್ಸಾದ ಗಂಡ ಹೆಂಡತಿ ಬಂದರು. "ಏನಾಯ್ತು ಅದಕ್ಕೆ?" ಎಂದು ಹೆಂಡತಿ ಕೇಳಿದಳು. "ಅವನು ಮರ ಕದೀತಿದಾನೆ ಅಂದ್ಕೊಂಡಿರ್ಬೇಕು," ಎಂದ ಗಂಡ. ಡೆಲ್ಬರ್ಟ್ ಟೋಪಿ ಮುಟ್ಟಿ ನಮಸ್ಕಾರ ಮಾಡಿ, ಹನ್ನೆರಡರ ಮುಚ್ಚಳ ಎತ್ತಿದ.

ಮುಚ್ಚಳ ಎತ್ತದೇ ಹೋಗಬಹುದಿತ್ತಲ್ಲ ಎಂದರೆ ಹೋಗಬಹುದಿತ್ತು. ಆದರೆ ನಂಬರು ಕಂಡಲ್ಲಿ ನಿಲ್ಲದೆ ಮುಂದೆ ಹೋಗುವುದು ಅವನ ಕಾಲಿಗೆ ತಿಳಿಯದು. ನಿಂತ ಮೇಲೆ ಕೈ ಸುಮ್ಮನಿರುವುದು ಕೈಗೆ ತಿಳಿಯದು.

ಇಪ್ಪತ್ತನೇ ಕಂಬಕ್ಕೆ ಬರುವಾಗ ಹನ್ನೊಂದು ಗಂಟೆ. ಇಪ್ಪತ್ತಕ್ಕೆ ಇಪ್ಪತ್ತು ಸಲವೂ ಬೊಗಳಿಸಿಕೊಂಡಿದ್ದ. ಕೆಳಗೆ ಮರಗಳ ಸಂದಿಯಿಂದ ಅವನ ಕಾರು ಕಾಣುತ್ತಿತ್ತು. ಇನ್ನೇನು ಇಳಿದು ಹೋಗುವುದು, ಲವೋನ್‌ಗೆ ನಿಜ ಹೇಳುವುದು. ಬೇರೆ ನೆಲವೂ ಆಯಿತು, ಬೇರೆ ಬುದ್ಧಿ ಬರಲಿಲ್ಲ. ನವೆಂಬರಿಗೆ ಹಿಮ ಬೀಳುತ್ತದೆ. ಡೆಲ್ಬರ್ಟ್ ನಿಟ್ಟುಸಿರು ಬಿಟ್ಟು ತಲೆಯೆತ್ತಿದ. ಸಣ್ಣದೊಂದು ಮರದ ಸೇತುವೆಯ ಆಚೆ ಇನ್ನೊಂದು ಕಂಬ ನಿಂತಿತ್ತು. ಇಪ್ಪತ್ತೊಂದು.

ಅದರ ತಲೆ ಕಿತ್ತಳೆ ಬಣ್ಣದ್ದು. ಕೆರೆಯನ್ನು ಪೂರ್ತಿ ಬಳಸುವ ಏಳು ಮೈಲಿಯ ದೊಡ್ಡ ದಾರಿ ಅಲ್ಲಿಂದ ಶುರು. ಪಾರ್ಕಿಗೆ ಬರುವ ಮಕ್ಕಳಿಗೂ ಅದು ಗೊತ್ತಾಗುತ್ತದೆ. ಆದರೆ ಇಪ್ಪತ್ತರ ಮುಂದೆ ನಿಂತು, ಇಪ್ಪತ್ತೊಂದು ಕಣ್ಣಿಗೆ ಬಿದ್ದ ಮೇಲೂ ಹಿಂದಕ್ಕೆ ತಿರುಗುವ ಪೋಸ್ಟ್‌ಮ್ಯಾನ್ ಇನ್ನೂ ಹುಟ್ಟಿಲ್ಲ. ಡೆಲ್ಬರ್ಟ್ ಸೇತುವೆ ದಾಟಿದ.

ಈ ಕಂಬಗಳಿಗೆ ಡಬ್ಬಿ ಇರಲಿಲ್ಲ, ಬರೀ ತಗಡಿನ ನಂಬರು. ಆದರೂ ಕೈ ಹೋಗಿ ತಗಡನ್ನು ತಟ್ಟುತ್ತಿತ್ತು, ಮೇಬಲ್ ಬೊಗಳುತ್ತಿತ್ತು. ಇಪ್ಪತ್ತೆಂಟರ ಹೊತ್ತಿಗೆ ಡೆಲ್ಬರ್ಟ್‌ಗೆ ಅನುಮಾನ ಬಂತು. ಒಂದು ಮೈಲಿ ಎಂದಿದ್ದಳಲ್ಲ ಆ ಮುದುಕಿ? ಆದರೆ ಬೀದಿ ಎಂದ ಮೇಲೆ ಕೊನೆಯ ಮನೆ ಎಂದೊಂದು ಇರಲೇಬೇಕು ಎಂದುಕೊಂಡು ನಡೆದ. ದಾರಿ ಏರಿತು, ಇಳಿಯಿತು, ಹಳ್ಳ ದಾಟಿತು. ಮೂವತ್ತಕ್ಕೆ ಬರುವಾಗ ತೊಡೆಗಳು ಹಿಡಿದುಕೊಂಡವು. ಮಾರ್ಲೋ ಊರಿನ ಬೀದಿಗಳು ಹಲಗೆಯ ಹಾಗೆ ಸಪಾಟು, ಗುಡ್ಡ ಹತ್ತಿ ಅಭ್ಯಾಸವಿಲ್ಲ.

ಮೂವತ್ತನಾಲ್ಕನೇ ಕಂಬ ಬಂದಾಗ ಅವನಿಗೆ ಕೈ ಎತ್ತಲೂ ಬೇಸರವಾಗಿತ್ತು. ಜೀವನದಲ್ಲಿ ಮೊದಲ ಸಲ ಒಂದು ನಂಬರಿನ ಮುಂದೆ ನಿಲ್ಲದೆ, ತಲೆ ತಗ್ಗಿಸಿ ದಾಟಿಹೋದ.

ಹಗ್ಗ ಹಿಂದಕ್ಕೆ ಜಗ್ಗಿತು.

ತಿರುಗಿ ನೋಡಿದರೆ ಮೇಬಲ್ ಕಂಬದ ಬುಡದಲ್ಲಿ ಕೂತಿತ್ತು. ಎಳೆದ, ಬರಲಿಲ್ಲ. "ಬಾರೇ," ಎಂದ, ಬರಲಿಲ್ಲ. ಕಂಬ ನೋಡಿತು, ಅವನನ್ನು ನೋಡಿತು, ಮತ್ತೆ ಕಂಬ ನೋಡಿತು. ಆಮೇಲೆ ಗಂಟಲೊಳಗೇ ಒಂದು ಸಣ್ಣ ಸದ್ದು ಮಾಡಿತು. ಬೊಗಳಿದ್ದಲ್ಲ. ಏನಯ್ಯಾ, ಇದೊಂದನ್ನ ಬಿಟ್ಟು ಹೋಗ್ತಿದೀಯಲ್ಲ ಎಂದು ಕೇಳಿದ ಹಾಗಿತ್ತು.

ಡೆಲ್ಬರ್ಟ್ ಹಿಂದಕ್ಕೆ ಬಂದ. ಕೈ ಚಾಚಿ ತಗಡನ್ನು ತಟ್ಟಿದ.

ಮೇಬಲ್ ಚಿಮ್ಮಿ ಎದ್ದು ಬೊಗಳಿತು. ಆಗ ಡೆಲ್ಬರ್ಟ್ ನೋಡಿದ್ದು ಅದರ ಬಾಲವನ್ನು. ಬಾಲ ಬಾವುಟದಂತೆ ಮೇಲೆದ್ದು, ನಡು ಸಮೇತ ಅಲ್ಲಾಡುತ್ತಿತ್ತು. ನಾಲ್ಕು ಸಲ ಕಚ್ಚಿಸಿಕೊಂಡವನು ನಾಯಿಯ ಹಲ್ಲು ನೋಡುತ್ತಾನೆಯೇ ಹೊರತು ಬಾಲ ನೋಡುವುದಿಲ್ಲ. ಅದೂ ಅಲ್ಲದೆ ಏಳು ವರ್ಷ ಇಬ್ಬರ ನಡುವೆ ಒಂದು ಬಾಗಿಲು ಇತ್ತು. ಬಾಗಿಲ ಆಚೆ ಒಂದು ಬಾಲ ದಿನಾ ಹೀಗೇ ಕುಣಿಯುತ್ತಿತ್ತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಪರೀಕ್ಷೆ ಮಾಡೋಣವೆಂದು ಅವನು ಎರಡೂ ಕೈ ಮೇಲೆತ್ತಿ, ಹೆದರಿದವನ ಹಾಗೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ. "ಆಯ್ತು ತಾಯಿ, ಹೋದೆ, ಹೋದೆ!"

ಬೊಗಳುವುದು ನಿಂತಿತು. ಮೇಬಲ್ ಎದೆಯುಬ್ಬಿಸಿ ಮೈ ಕೊಡವಿಕೊಂಡು, ಕುಸ್ತಿ ಗೆದ್ದ ಪೈಲ್ವಾನನ ನಡಿಗೆಯಲ್ಲಿ ಬಂದು ಅವನ ಪಕ್ಕದಲ್ಲೇ ನಿಂತಿತು. ಈಗ ಅದಕ್ಕೆ ಅವನ ಮೇಲೆ ಯಾವ ದೂರೂ ಇರಲಿಲ್ಲ.

ಡೆಲ್ಬರ್ಟ್ ಅಲ್ಲೇ ಒಂದು ಬಿದ್ದ ಮರದ ಮೇಲೆ ಕೂತುಬಿಟ್ಟ. ಮಾರ್ಚ್ ತಿಂಗಳಲ್ಲಿ ಅಂಚೆ ಕಚೇರಿಯಲ್ಲಿ ಅವನಿಗೆ ಕೇಕ್ ಕತ್ತರಿಸಿ, ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿದ್ದರು. ಅದೇ ದಿನ ಮೇಬಲ್‌ಳ ಕೆಲಸವೂ ಹೋಗಿತ್ತು. ಅದಕ್ಕೆ ಕೇಕೂ ಇಲ್ಲ, ಮಾತೂ ಇಲ್ಲ. ಆರು ತಿಂಗಳಿಂದ ಅದು ಹನ್ನೊಂದೂ ಇಪ್ಪತ್ತಕ್ಕೆ ಬಾಗಿಲ ಮುಂದೆ ಕೂತು ಕಾಯುತ್ತಿದೆ. ಆ ಮನುಷ್ಯ ಬರುವುದೇನೋ ಬರುತ್ತಾನೆ, ಆದರೆ ಎಷ್ಟು ಬೊಗಳಿದರೂ ಹೋಗುವುದಿಲ್ಲ, ಕುರ್ಚಿಯಲ್ಲಿ ಕೂತು ಪೈ ತಿನ್ನುತ್ತಾನೆ. ಹಿಡಿದ ಕೆಲಸ ಮುಗಿಯದಿದ್ದರೆ ಯಾರಾದರೂ ಗಂಟಲು ಹರಿದುಕೊಳ್ಳದೆ ಇರುತ್ತಾರೆಯೇ?

"ನಿಂಗೆ ನನ್ನ ಮೇಲೆ ಸಿಟ್ಟೇ ಇಲ್ಲ ಅಲ್ವೇನೇ?" ಎಂದ. ಮೇಬಲ್ ಅವನ ಜೇಬು ಮೂಸಿತು. ಜೇಬಿನಲ್ಲಿ ಸ್ಯಾಂಡ್‌ವಿಚ್ ಇತ್ತು. ಅರ್ಧ ಅವನು ತಿಂದ, ಅರ್ಧ ಅವಳು ತಿಂದಳು.

ಅಲ್ಲಿಂದ ಮುಂದಕ್ಕೆ ಅದು ನಡಿಗೆಯಾಗಲಿಲ್ಲ, ಜಾತ್ರೆಯಾಯಿತು. ಮೂವತ್ತೈದನೇ ಕಂಬಕ್ಕೆ ಇಬ್ಬರೂ ಓಡಿಯೇ ಹೋದರು. ಡೆಲ್ಬರ್ಟ್ ತಗಡು ತಟ್ಟಿದ, ಮೇಬಲ್ ಗರ್ಜಿಸಿದಳು, ಅವನು ಕೈಯೆತ್ತಿ ಶರಣಾದ, ಅವಳು ಬಾಲವೆತ್ತಿ ಮೆರೆದಳು. ಮೂವತ್ತೆಂಟರಲ್ಲಿ ಅವನು ಮರದ ಹಿಂದೆ ಅವಿತು, ಕಳ್ಳಹೆಜ್ಜೆಯಲ್ಲಿ ಬಂದು ತಟ್ಟಿದ. ನಲವತ್ತೊಂದರಲ್ಲಿ ದೊಡ್ಡ ಅಧಿಕಾರಿಯ ಠೀವಿಯಲ್ಲಿ ಗಂಟಲು ಸರಿಮಾಡಿಕೊಂಡು ಬಂದು ತಟ್ಟಿದ. ಯಾವ ವೇಷದಲ್ಲಿ ಬಂದರೂ ಮೇಬಲ್ ಬಿಡಲಿಲ್ಲ. ಹಗ್ಗ ಈಗ ಸಡಿಲವಾಗಿ ನೆಲದವರೆಗೆ ಜೋತಾಡುತ್ತಿತ್ತು. ಕೈ ಚಾಚಿ ಹಿಡಿಯಬೇಕು ಎಂಬುದೇ ಅವನಿಗೆ ಮರೆತಿತ್ತು.

ನಲವತ್ತೇಳರ ಬಳಿ ದಾರಿ ಕೆರೆಯ ಹಿಂಬದಿಗೆ ಇಳಿಯಿತು. ಈಜುವ ದಂಡೆ ಅದಲ್ಲ, ಎದುರಿನದು, ದೂರದಲ್ಲಿ ಮರಳು ಕಾಣುತ್ತಿತ್ತು. ಇಲ್ಲಿ ಬರೀ ಕೆಸರು, ಜೊಂಡು. ಮೇಬಲ್ ಹೊಟ್ಟೆಯವರೆಗೆ ನೀರಿಗಿಳಿದು ನಿಂತು, ಕಿವಿ ತೇಲಿಬಿಟ್ಟು, ಲಪಲಪ ಕುಡಿದಳು. ಡೆಲ್ಬರ್ಟ್ ಶೂ ಬಿಚ್ಚಿ ಪ್ಯಾಂಟು ಮಡಚಿ ಪಕ್ಕದಲ್ಲೇ ನಿಂತ. ಮೂವತ್ತೊಂದು ವರ್ಷ ಕಲ್ಲು ಸಿಮೆಂಟು ತುಳಿದ ಪಾದಗಳು. ಕೆಸರು ಬೆರಳ ಸಂದಿಯಲ್ಲಿ ತಣ್ಣಗೆ ಏರಿತು. ಅವನಿಗೆ ಕಾರಣವಿಲ್ಲದೆ ನಗು ಬಂತು.

ಐವತ್ತೆಂಟನೇ ಕಂಬದಲ್ಲಿ ಅವನು ಕೈಯೆತ್ತಿ, "ತಪ್ಪಾಯ್ತು ಮಾತಾಯಿ, ಇನ್ನು ಈ ಕಡೆ ತಲೆ ಹಾಕಲ್ಲ!" ಎಂದು ಕೂಗುತ್ತ ಓಡಿಬರುತ್ತಿದ್ದಾಗ ಎದುರಿಗೆ ಬ್ಯಾಟರಿ ಗಾಡಿ ನಿಂತಿತ್ತು. ಗಾಡಿಯಲ್ಲಿ ಓಪಲ್ ಬಾಯಿ ತೆರೆದುಕೊಂಡು ಕೂತಿದ್ದಳು.

"ಕಚ್ಚುತ್ತಾ ಅದು?" ಎಂದಳು.

"ಇಲ್ಲಮ್ಮ, ಓಡಿಸ್ತಾಳೆ."

"ಮತ್ತೆ ನೀವು ನಗ್ತಿದೀರಿ?"

"ಓಡಿಸ್ತಾಳೆ ಅಂತಾನೇ."

ಓಪಲ್ ಅವನ ಹಣೆಯ ಬೆವರನ್ನೂ, ಮೊಣಕಾಲವರೆಗಿನ ಕೆಸರನ್ನೂ ನೋಡಿದಳು. "ನೀರು ಕುಡಿದಿದೀರಾ? ಬಿಸಿಲು ಏನಾದ್ರೂ ತಲೆಗೇರ್ತಾ? ಒಂದು ಮೈಲಿಗೆ ಅಂತ ಕಳ್ಸಿದ ಮನುಷ್ಯ ಸಂಜೆ ಐದಾದ್ರೂ ಬರ್ಲಿಲ್ಲ ಅಂತ ಹುಡುಕ್ಕೊಂಡು ಬಂದೆ. ನೀಲಿ ಕಂಬ ಅಂದಿದ್ನಲ್ಲ. ಇಪ್ಪತ್ತಕ್ಕೆ ಎಲ್ಲರೂ ಕೆಳಗಿಳೀತಾರೆ. ನೀವ್ಯಾಕೆ ಇಳೀಲಿಲ್ಲ?"

"ಮುಂದೆ ಇಪ್ಪತ್ತೊಂದು ಇತ್ತಲ್ಲಮ್ಮ."

ಓಪಲ್ ಹಣೆ ಚಚ್ಚಿಕೊಂಡಳು. "ಲವೋನ್ ಅಂತ ಯಾರೋ ಆಫೀಸಿಗೆ ಮೂರು ಸಲ ಫೋನ್ ಮಾಡಿದ್ಲು. ಮೊದಲೆರಡು ಸಲ ನಾಯಿ ಹುಷಾರಾಗಿದ್ಯಾ ಅಂದ್ಲು."

"ಮೂರನೇ ಸಲ?"

"ನೀವು ಹುಷಾರಾಗಿದೀರಾ ಅಂದ್ಲು."

ಡೆಲ್ಬರ್ಟ್‌ನ ಮುಖ ಅರಳಿದ್ದನ್ನು ನೋಡಿ ಓಪಲ್‌ಗೆ ಎಲ್ಲ ಅರ್ಥವಾಯಿತು. ಎಷ್ಟೆಂದರೂ ಎಪ್ಪತ್ತೈದು ವರ್ಷ ಕಂಡವಳು. "ಗಾಡಿ ಹತ್ತಿ," ಎಂದಳು, "ಹತ್ತು ನಿಮಿಷದಲ್ಲಿ ನಿಮ್ಮ ಕಾರಿನ ಹತ್ರ ಬಿಡ್ತೀನಿ."

"ಎಷ್ಟಕ್ಕೆ ಮುಗಿಯುತ್ತೆ ಇದು?"

"ಅರವತ್ನಾಲ್ಕಕ್ಕೆ."

"ಇನ್ನು ಆರೇ ಇದೆ. ಮಧ್ಯದಲ್ಲಿ ಬಿಟ್ರೆ ಇವಳು ಒಪ್ಪಲ್ಲ."

ಓಪಲ್ ಗಾಡಿ ತಿರುಗಿಸಿಕೊಂಡು ಅವರ ಹಿಂದೆ ನಾಯಿಯ ವೇಗದಲ್ಲೇ ಬಂದಳು. ಅರವತ್ತನೇ ಕಂಬದಿಂದ ಮೇಬಲ್‌ಳ ಜೊತೆ ಅವಳೂ ಕೂಗತೊಡಗಿದಳು: "ಓಡ್ಸೇ ಅವನ್ನ, ಬಿಡ್ಬೇಡ!"

ವಾಪಸ್ ಬರುವ ದಾರಿಯಲ್ಲಿ ಮೇಬಲ್ ಮುಂದಿನ ಸೀಟಿನಲ್ಲಿ ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆದಳು. ಡೆಲ್ಬರ್ಟ್‌ಗೆ ಮಾತ್ರ ಸಣ್ಣ ಭಯ ಶುರುವಾಗಿತ್ತು. ಕಾಡಿನ ಸ್ನೇಹ ಕಾಡಿಗೇ ಮುಗಿದರೆ? ಹೊಸ್ತಿಲು ಕಂಡ ಕೂಡಲೇ ನಾಯಿಗೆ ಹಳೆಯದೆಲ್ಲ ನೆನಪಾದರೆ?

ಹಾಗೇ ಆಯಿತು. ಏಳು ಗಂಟೆಗೆ, ಇನ್ನೂ ಬೆಳಕಿರುವಾಗ, ನಾನೂರ ಹದಿನೆಂಟರ ಮುಂದೆ ಕಾರು ನಿಂತಿತು. ಜಗಲಿಯಲ್ಲಿ ಶತಪಥ ಹಾಕುತ್ತಿದ್ದ ಲವೋನ್ ಓಡಿಬಂದು ಮೊದಲು ನಾಯಿಯನ್ನು ತಬ್ಬಿದಳು, ಆಮೇಲೆ ಅವನ ತೋಳಿಗೆ ಒಂದು ಗುದ್ದು ಕೊಟ್ಟಳು. "ಎರಡು ಗಂಟೆ ಅಂದಿದ್ದೆ!" ಮೇಬಲ್ ಮೆಟ್ಟಿಲು ಹತ್ತಿ ಮನೆಯೊಳಗೆ ನುಗ್ಗಿದಳು. ಡೆಲ್ಬರ್ಟ್ ಹಿಂದೆಯೇ ಹೋಗಿ ಹೊಸ್ತಿಲ ಮೇಲೆ ಕಾಲಿಟ್ಟ. ಅಷ್ಟೇ, ಅವಳು ಗಕ್ಕನೆ ತಿರುಗಿ ನಿಂತು ಬೊಗಳಲು ಶುರುಮಾಡಿದಳು.

ಲವೋನ್‌ಳ ಮುಖ ಬಾಡಿತು. ಬಾಗಿಲಿಗೆ ಒರಗಿಕೊಂಡು, "ಮುಗೀತು ಬಿಡು," ಎಂದಳು ಮೆಲ್ಲಗೆ. "ಪಾಪ, ಇಡೀ ದಿನ ಒದ್ದಾಡಿದ್ದೀಯ. ನಿಂದೇನೂ ತಪ್ಪಿಲ್ಲ ಡೆಲ್."

ಡೆಲ್ಬರ್ಟ್ ಹೊಸ್ತಿಲಿಂದ ಕಾಲು ಹಿಂದಕ್ಕೆ ತೆಗೆದ. "ಲವೋನ್, ಒಳಗೆ ಹೋಗಿ ಬಾಗಿಲು ಹಾಕ್ಕೋ."

"ಹೊರಟ್ಯಾ?"

"ಹೊರಟೆ. ಹಿತ್ತಿಲ ಬಾಗಿಲ ಚಿಲಕ ತೆಗೆದಿಡು."

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಬಾಗಿಲು ಹಾಕಿಕೊಂಡಳು. ಡೆಲ್ಬರ್ಟ್ ಕಾರಿನೊಳಗೆ ಹುಡುಕಿದ. ಸೀಟಿನ ಕೆಳಗೆ ಯಾವುದೋ ಟೈರಿನಂಗಡಿಯ ಜಾಹೀರಾತು ಬಿದ್ದಿತ್ತು. ಅದನ್ನು ನೀಟಾಗಿ ಮೂರು ಮಡಿಕೆ ಮಾಡಿ, ಬೀದಿಯ ಅಂಚಿಗೆ ಹೋಗಿ, ಅಲ್ಲಿಂದ ತಿರುಗಿ, ಕೆಲಸದ ದಿನಗಳ ಅದೇ ನಡಿಗೆಯಲ್ಲಿ ಬಂದ. ಮೆಟ್ಟಿಲು ಹತ್ತಿದ. ಬಾಗಿಲ ಕಂಡಿಯನ್ನು ಟಪ್ಪೆಂದು ತೆರೆದು ಜಾಹೀರಾತನ್ನು ಒಳಗೆ ತೂರಿಸಿದ.

ಒಳಗೆ ಗುಡುಗು ಬಡಿಯಿತು. ಆರು ತಿಂಗಳಿಂದ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಬಂತು. ಬಾಗಿಲು ನಡುಗಿತು. ಎದುರು ಮನೆಯವರು ಪರದೆ ಸರಿಸಿ ನೋಡಿದರು. ಡೆಲ್ಬರ್ಟ್ ಕಂಡಿಗೆ ಬಾಯಿ ಕೊಟ್ಟು, "ಆಯ್ತು ತಾಯಿ, ಹೋದೆ!" ಎಂದು, ಮೆಟ್ಟಿಲನ್ನು ದಡದಡ ಸದ್ದು ಮಾಡುತ್ತ ಇಳಿದು ಹೋದ. ಬೊಗಳುವುದು ನಿಂತಿತು.

ಅವನು ಪಕ್ಕದ ಓಣಿಯಲ್ಲಿ ಬಳಸಿ, ಹಿತ್ತಿಲ ಬೇಲಿ ದಾಟಿ, ಅಡುಗೆಮನೆಯ ಬಾಗಿಲಿಂದ ಒಳಗೆ ಬಂದು ಕುರ್ಚಿಯಲ್ಲಿ ಕೂತು ಕೆಸರು ಶೂ ಬಿಚ್ಚತೊಡಗಿದ. ಲವೋನ್ ನಡುಮನೆಯ ಬಾಗಿಲಲ್ಲಿ ಕೈಯಲ್ಲಿ ಜಾಹೀರಾತು ಹಿಡಿದು ನಿಂತಿದ್ದಳು. ಅವಳ ಕಾಲ ಸಂದಿಯಿಂದ ಮೇಬಲ್ ಬಂದಳು. ಬಾಲ ಇನ್ನೂ ಬಾವುಟವೇ. ಡೆಲ್ಬರ್ಟ್‌ನನ್ನು ಕಂಡಳು. ಇವನು ಬೇರೆ, ಆಗಲೇ ಹೋದವನು ಬೇರೆ. ಇವನು ಜೊತೆಯಲ್ಲಿ ಕೆರೆಗಿಳಿದವನು, ಸ್ಯಾಂಡ್‌ವಿಚ್ಚಿನವನು. ಹತ್ತಿರ ಬಂದು ಅವನ ಕಾಲ್ಚೀಲ ಮೂಸಿದಳು, ನಾನು ಏನು ಮಾಡಿದೆ ನೋಡಿದೆಯಾ ಎಂಬಂತೆ ಮುಖ ನೋಡಿದಳು, ಆಮೇಲೆ ಅವನ ಎರಡು ಪಾದಗಳ ಮೇಲೆ ಅಡ್ಡಲಾಗಿ ಧೊಪ್ಪನೆ ಬಿದ್ದು ಕಣ್ಣು ಮುಚ್ಚಿದಳು.

ಲವೋನ್ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಕೂತವಳು ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಇದನ್ನ ದಿನಾ ಮಾಡ್ತೀಯಾ ನೀನು?"

"ದಿನಾ. ಮಳೆ ಬರ್ಲಿ, ಹಿಮ ಬೀಳ್ಲಿ."

"ಅರವತ್ತಮೂರು ವರ್ಷದ ಗಂಡಸು ತನ್ನ ಮನೆಗೆ ತಾನೇ ಕಾಗದ ಹಾಕಿ, ನಾಯಿ ಕೈಲಿ ಬೈಸ್ಕೊಂಡು, ಹಿತ್ತಿಲ ಬಾಗಿಲಿಂದ ಒಳಗೆ ಬರೋದು! ಅಕ್ಕಪಕ್ಕದೋರು ಏನಂದ್ಕೋತಾರೆ?"

"ಅವರವರ ಮನೆಗೆ ಏನೇನು ಕಾಗದ ಬರ್ತಿತ್ತು ಅಂತ ನಂಗೊತ್ತು. ಒಬ್ರೂ ತುಟಿ ಬಿಚ್ಚಲ್ಲ." ಹೇಳಿ ಮುಗಿಸಿದವನು ತಡೆದು ಕೇಳಿದ: "ತನ್ನ ಮನೆ ಅಂದ್ಯಾ ಈಗ?"

ಲವೋನ್ ಕಣ್ಣೊರೆಸಿಕೊಂಡಳು. "ಭಾನುವಾರ?"

"ಭಾನುವಾರ ಅಂಚೆ ಇಲ್ಲ. ಇಬ್ಬರಿಗೂ ರಜೆ."

"ಹಾಗಾದ್ರೆ ಮದುವೆ ಭಾನುವಾರಾನೇ ಇಟ್ಕೋಬೇಕು," ಎಂದು ಅವಳು ಗೋಡೆಯ ಕ್ಯಾಲೆಂಡರಿಗೆ ಕೈ ಚಾಚಿದಳು. "ಎದ್ದೇಳು, ಕಾಣ್ತಿಲ್ಲ ನಂಗೆ, ಓದಿ ಹೇಳು ಅಕ್ಟೋಬರ್‌ದು."

"ಹೇಗೆ ಏಳ್ಲಿ? ಕಾಲ ಮೇಲೆ ಮಲಗಿದಾಳೆ."

"ಸರಿ, ಕೂತಿರು," ಎಂದಳು ಲವೋನ್. ಎದ್ದು ಹೋಗಿ ಕನ್ನಡಕವನ್ನೂ ಪೈಯನ್ನೂ ಒಟ್ಟಿಗೆ ತಂದಳು.